ಉಪ್ಪು ತಿಂದ ಕಿವಿ

ಹೋದ ಮಳೆಗಾಲದ ಒಂದು ಮಧ್ಯಾಹ್ನ. ಆಫೀಸಿನ ಕ್ಯಾಂಟೀನಿನಲ್ಲಿ ಊಟದ ತಟ್ಟೆ ಹಿಡಿದು ಕೂತಿದ್ದೆ. ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗ ಎದುರಿಗೆ ಬಂದು ಕೂತ. ಕಾಲೇಜಿನಿಂದ ನೇರ ಕೆಲಸಕ್ಕೆ ಬಂದವನು. ಬಿಟಿಎಂ ಲೇಔಟಿನ ಪಿಜಿಯಲ್ಲಿ ಇನ್ನಿಬ್ಬರ ಜೊತೆ ಒಂದು ರೂಮಿನಲ್ಲಿದ್ದಾನೆ. ಅನ್ನಕ್ಕೆ ಸಾರು ಕಲಸುತ್ತಾ, "ಅಣ್ಣ, ಕಿವಿ ಡಾಕ್ಟರ್ ಹತ್ರ ಹೋಗಿದ್ದೆ" ಅಂದ.

"ಯಾಕೋ, ಏನಾಯ್ತು?"

"ಬಲಗಿವಿ ಮಂದ ಆಗ್ತಿದೆ ಅನ್ನಿಸ್ತಿತ್ತು. ರಾತ್ರಿ ಹಾಡು ಕೇಳುವಾಗ ಎಡಗಡೆನೇ ಜಾಸ್ತಿ ಕೇಳಿಸ್ತದೆ. ಟೆಸ್ಟ್ ಮಾಡಿ, ಎರಡೂ ಕಿವಿ ಚೆನ್ನಾಗಿವೆ ಅಂದ್ರು. ಆದ್ರೂ ಬಲಗಡೆ ಕಮ್ಮಿನೇ."

"ಯಾವುದ್ರಲ್ಲಿ ಕೇಳ್ತೀಯ?" ಅಂದೆ. ಕೇಳುವಾಗಲೇ ಉತ್ತರ ಏನಿರಬಹುದು ಅಂತ ಅರ್ಧ ಗೊತ್ತಾಗಿತ್ತು.

"ನೀವು ಬರೆದಿದ್ರಲ್ಲ ಅಣ್ಣ, ಅದೇ ಆಂಪ್. ಇಎಂಐ ಹಾಕಿ ತಗೊಂಡೆ."

"ಹೆಡ್‌ಫೋನ್ ತಿರುಗಿಸಿ ಹಾಕ್ಕೊಂಡು ನೋಡ್ಬೇಕು ಅಂತ ಹೊಳೀಲಿಲ್ವೇನೋ?"

"ಇಲ್ಲ ಅಣ್ಣ. ನೀವು ಅಷ್ಟು ಚೆನ್ನಾಗಿದೆ ಅಂತ ಬರೆದಿದ್ರಲ್ಲ. ನನ್ನ ಕಿವಿನೇ ಸರಿ ಇಲ್ಲ ಅನ್ಕೊಂಡೆ."

ಅವನು ಊಟ ಮುಂದುವರಿಸಿದ. ನನಗೆ ತಟ್ಟೆಯಲ್ಲಿದ್ದದ್ದು ಸೇರಲಿಲ್ಲ.

ಈಗ ನಿಜ ಹೇಳಿಬಿಡುತ್ತೇನೆ. ಆ ಆಂಪ್ಲಿಫೈಯರ್‌ನಲ್ಲಿ ಆ ದೋಷ ಇದೆ ಅಂತ ನನಗೆ ಗೊತ್ತಿತ್ತು. ಬರೆಯೋ ಮುಂಚೆಯೇ ಗೊತ್ತಿತ್ತು.

ನನ್ನದು ಕೋಡ್ ಬರೆಯೋ ಕೆಲಸ, ಹಾಡು ಕೇಳೋದು ಚಟ. ಏಳೆಂಟು ವರ್ಷದಿಂದ ಹೆಡ್‌ಫೋನು, ಆಂಪು ಅಂತ ಸಾಮಾನು ಗುಡ್ಡೆ ಹಾಕಿಕೊಂಡಿದ್ದೇನೆ. ಕೇಳಿದ್ದರ ಬಗ್ಗೆ ಕನ್ನಡದಲ್ಲಿ ಬರೆದು ಹಾಕುತ್ತೇನೆ. ಓದುವವರು ಬಹಳ ಇಲ್ಲ, ಇರುವವರು ನಂಬುತ್ತಾರೆ. ವರ್ಷದ ಹಿಂದೆ ಬೆಂಗಳೂರಿನವರೇ ಒಬ್ಬರು ಫೋನ್ ಮಾಡಿದ್ದರು. ದೊಡ್ಡ ಕಂಪನಿಯ ಕೆಲಸ ಬಿಟ್ಟು, ಪಿಎಫ್ ದುಡ್ಡು ತೆಗೆದು, ಮನೆಯ ಮಹಡಿ ಮೇಲಿನ ರೂಮಿನಲ್ಲಿ ಹೆಡ್‌ಫೋನ್ ಆಂಪ್ ತಯಾರಿಸೋಕೆ ಶುರು ಮಾಡಿದ್ದರು. ಬೋರ್ಡು ಡಿಸೈನ್ ಮಾಡೋದು ಇವರು, ಬೆಸುಗೆ ಹಾಕೋದು ಇವರ ಹೆಂಡತಿ. ಸ್ಕೂಟರಿನಲ್ಲಿ ಡಬ್ಬ ಇಟ್ಟುಕೊಂಡು ಅವರೇ ನಮ್ಮನೆಗೆ ಬಂದರು. ಕಾಫಿ ಕುಡಿದರು, ನನ್ನ ಮಗಳ ಜೊತೆ ಆಟ ಆಡಿದರು. "ತಪ್ಪಿದ್ರೆ ತಪ್ಪು ಅಂತಾನೇ ಬರೀರಿ ಸರ್" ಅಂದರು. ಹೊರಡುವಾಗ ಮೆಟ್ಟಿಲ ಮೇಲೆ ನಿಂತು, "ವಾಪಸ್ ಕೊಡೋಕೆ ಅವಸರ ಏನಿಲ್ಲ, ಎಷ್ಟು ದಿನ ಬೇಕಾದ್ರೂ ಇಟ್ಕೊಳ್ಳಿ" ಅಂದರು.

ಡಬ್ಬ ನಿಜಕ್ಕೂ ಚೆನ್ನಾಗಿತ್ತು. ದನಿ ತಿಳಿಯಾಗಿತ್ತು, ಗದ್ದಲ ಇರಲಿಲ್ಲ. ಒಂದು ರಾತ್ರಿ ಮಗಳು ಮಲಗಿದ ಮೇಲೆ ವಾಲ್ಯೂಮ್ ತೀರಾ ಇಳಿಸಿ ಕೇಳ್ತಿದ್ದೆ. ನಟ್ಟ ನಡುವೆ ಇರಬೇಕಾದ ಹಾಡುಗಾರ್ತಿಯ ದನಿ ಎಡಕ್ಕೆ ಸರಿದು ನಿಂತಿತ್ತು. ಒಂದೇ ಸಮನೆ ಹೊಮ್ಮುವ ಟೆಸ್ಟ್ ಟೋನ್ ಹಾಕಿ ಮಲ್ಟಿಮೀಟರ್‌ನಿಂದ ಎರಡೂ ಕಡೆ ಅಳೆದೆ. ವಾಲ್ಯೂಮ್ ಗುಬುಟು ಕೆಳಗಿರುವಾಗ ಬಲಗಡೆ 3 ಡೆಸಿಬೆಲ್ ಕಡಿಮೆ. ಅಂದರೆ ಬಲಗಿವಿಗೆ ಹೋಗುವ ಪವರ್ ಎಡಗಿವಿಯದರ ಅರ್ಧ. ಗುಬುಟು ತಿರುಗಿಸುತ್ತಾ ಹೋದಂತೆ ಎರಡೂ ಸರಿಸಮ ಆಗುತ್ತದೆ. ಅಗ್ಗದ ವಾಲ್ಯೂಮ್ ಕಂಟ್ರೋಲ್‌ಗಳಿಗೆ ಇದು ಮಾಮೂಲಿ ಕಾಯಿಲೆ. ಒಳಗಿರುವ ಎರಡು ಪಟ್ಟಿಗಳು ತಳದಲ್ಲಿ ಒಂದಕ್ಕೊಂದು ತಾಳೆ ಆಗುವುದಿಲ್ಲ.

ನಾನು ಬರೆದದ್ದು ಹೀಗೆ: "ರಾತ್ರಿಯ ಮೆಲುದನಿಗಿಂತ, ಕೊಂಚ ಧಾರಾಳವಾಗಿ ವಾಲ್ಯೂಮ್ ಕೊಟ್ಟಾಗ ಈ ಪುಟ್ಟ ಡಬ್ಬದ ನಿಜವಾದ ವ್ಯಕ್ತಿತ್ವ ಅರಳುತ್ತದೆ."

ಓದಿ ನೋಡಿ. ಇದರಲ್ಲಿ ಸುಳ್ಳು ಅಂತ ತೋರಿಸಬಹುದಾದ ಒಂದು ಪದವೂ ಇಲ್ಲ. ಆದರೆ ಪಿಜಿಯಲ್ಲಿ ರೂಮ್‌ಮೇಟುಗಳು ಮಲಗಿದ ಮೇಲೆ ಮೆಲ್ಲಗೆ ಹಾಡು ಕೇಳೋ ಹುಡುಗನಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಇಂಥ ವಾಕ್ಯದ ಒಳಗುಟ್ಟು ಅರ್ಥ ಆಗೋದು ಈ ಸಾಮಾನು ಮಾಡುವವರಿಗೆ, ಮಾರುವವರಿಗೆ, ನನ್ನಂತೆ ಬರೆಯುವವರಿಗೆ. ದುಡ್ಡು ಕೊಟ್ಟು ಕೊಳ್ಳುವವನಿಗಲ್ಲ.

ನಾನು ಲಂಚ ತಗೊಂಡಿರಲಿಲ್ಲ, ಒಂದು ಕಾಫಿ ಕೂಡ ನಾನೇ ಕೊಟ್ಟದ್ದು. ಹಾಗಾದರೆ ನಾನು ಮಾಡಿದ್ದು ಏನು? ಆ ಮಧ್ಯಾಹ್ನದ ನಂತರ, ನನಗಿಂತ ಮುಂಚೆ ಈ ಕೆಲಸ ಮಾಡಿದವರು ಇದನ್ನೆಲ್ಲ ಹೇಗೆ ನಿಭಾಯಿಸಿದ್ರು ಅಂತ ಓದೋಕೆ ಕೂತೆ. ಅದು ಅಮೆರಿಕದ ಕಥೆ, ಅರವತ್ತು ವರ್ಷಕ್ಕೂ ಹಳೆಯ ಜಗಳ.

ಹೈ-ಎಂಡ್ ಆಡಿಯೋ ಅನ್ನೋದು ಒಂದು ವಿಚಿತ್ರ ಲೋಕ. ಒಂದು ಜೋಡಿ ಸ್ಪೀಕರಿಗೆ ಹತ್ತಾರು ಲಕ್ಷ, ಒಂದು ಕೇಬಲ್ಲಿಗೆ ಲಕ್ಷ ರೂಪಾಯಿ ಕೊಡುವವರು ಅಲ್ಲಿದ್ದಾರೆ. ಇಂಥ ಸಾಮಾನು ಮಾಡುವ ಎಷ್ಟೋ ಕಂಪನಿಗಳಲ್ಲಿ ನಾಲ್ಕೈದು ಜನರ ಮೇಲೆ ಇರುವುದಿಲ್ಲ. ಅಂಗಡಿಗಳು ಕಡಿಮೆ, ಊರೂರಿಗೆ ಹೋಗಿ ಕೇಳಿ ನೋಡಿ ಕೊಳ್ಳೋಕೆ ಆಗಲ್ಲ. ಹಾಗಾಗಿ ಪತ್ರಿಕೆಯಲ್ಲಿ ಬಂದ ವಿಮರ್ಶೆಯೇ ಗಿರಾಕಿಗೆ ಆಧಾರ.

ಜೆ. ಗಾರ್ಡನ್ ಹೋಲ್ಟ್ ಅನ್ನೋರು 'ಹೈ ಫಿಡೆಲಿಟಿ' ಎಂಬ ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದರು. ಜಾಹೀರಾತು ಕೊಡುವ ಕಂಪನಿಗಳಿಗೆ ನೋವಾಗುವಂತೆ ಬರೆಯೋಕೆ ಅಲ್ಲಿ ಜಾಗ ಇಲ್ಲ ಅಂತ ಬೇಸತ್ತು ಹೊರಬಂದು, 1962ರಲ್ಲಿ 'ಸ್ಟೀರಿಯೋಫೈಲ್' ಶುರು ಮಾಡಿದರು. ಉಪಕರಣವನ್ನು ಬರೀ ಮೀಟರಿನಲ್ಲಿ ಅಳೆದರೆ ಸಾಲದು, ಕೂತು ಹಾಡು ಕೇಳಿ ಕಿವಿಗೆ ಅನ್ನಿಸಿದ್ದನ್ನು ಬರೀಬೇಕು ಅನ್ನೋದು ಅವರ ವಾದ. 1973ರಲ್ಲಿ ಹ್ಯಾರಿ ಪಿಯರ್ಸನ್ 'ದಿ ಆಬ್ಸಲ್ಯೂಟ್ ಸೌಂಡ್' ತಂದರು. ಮೈಕು ಇಲ್ಲದೆ, ನಿಜವಾದ ಸಭಾಂಗಣದಲ್ಲಿ ನುಡಿಸಿದ ಸಂಗೀತ ಹೇಗೆ ಕೇಳಿಸುತ್ತದೋ ಅದೇ ಅಳತೆಗೋಲು ಅಂದರು. ಉಪಕರಣ ತಯಾರಕರ ಜಾಹೀರಾತು ಬೇಡ ಅಂತಲೇ ಅವರು ಶುರು ಮಾಡಿದ್ದು.

ಜಾಹೀರಾತು ಇಲ್ಲದೆ ಪತ್ರಿಕೆ ನಡೆಸೋದು ಹೇಗಿರುತ್ತೆ ಅಂತ ಊಹಿಸಿ. ಹೋಲ್ಟರ ಪತ್ರಿಕೆ ಹೇಳಿದ ಹೊತ್ತಿಗೆ ಬರುತ್ತಿರಲಿಲ್ಲ, ಚಂದಾದಾರರು ಕಾಯುತ್ತಾ ಕೂರುತ್ತಿದ್ದರು. ಕಾಲ ಕಳೆದಂತೆ ಎರಡೂ ಪತ್ರಿಕೆಗಳು ಜಾಹೀರಾತು ತಗೊಳ್ಳೋಕೆ ಶುರು ಮಾಡಿದವು. ಅವರನ್ನು ಹಳಿಯೋದು ಸುಲಭ. ಪ್ರಿಂಟರಿನವನಿಗೆ, ಅಂಚೆಗೆ, ಬರೆದವರಿಗೆ ದುಡ್ಡು ಎಲ್ಲಿಂದಾದರೂ ಬರಲೇಬೇಕು. ಓದುಗ ಪೂರ್ತಿ ಖರ್ಚು ಕೊಡೋಕೆ ತಯಾರಿಲ್ಲದಿದ್ದರೆ ಉಳಿದದ್ದನ್ನು ಬೇರೆ ಯಾರೋ ಕೊಡ್ತಾರೆ. ನಾವು ಪುಕ್ಕಟೆ ಓದೋ ಪ್ರತಿಯೊಂದಕ್ಕೂ ಈ ಮಾತು ಅನ್ವಯಿಸುತ್ತದೆ.

ಆದರೆ ಜಾಹೀರಾತು ಕಣ್ಣಿಗೆ ಕಾಣೋ ಹಂಗು. ಪುಟ ತಿರುಗಿಸಿದರೆ ಗೊತ್ತಾಗುತ್ತೆ. ಕಾಣದ ಹಂಗುಗಳು ಬೇರೆ ಇವೆ. ವಿಮರ್ಶೆಗೆ ಅಂತ ಬಂದ ಸಾಮಾನು 'ದೀರ್ಘಾವಧಿ ಎರವಲು' ಎಂಬ ಹೆಸರಿನಲ್ಲಿ ವಿಮರ್ಶಕನ ಮನೆಯಲ್ಲೇ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ಉಳಿಯುತ್ತದೆ. ಕೊಳ್ಳಬೇಕು ಅನ್ನಿಸಿದರೆ ಅಂಗಡಿ ಬೆಲೆಗಿಂತ ಬಹಳ ಕಡಿಮೆಗೆ, ಒಳಗಿನವರಿಗೆ ಕೊಡುವ ದರದಲ್ಲಿ ಸಿಗುತ್ತದೆ. ಕಾರ್ಖಾನೆ ನೋಡಲು ಆಹ್ವಾನ ಇರುತ್ತದೆ, ಆಡಿಯೋ ಮೇಳಗಳಲ್ಲಿ ವರ್ಷವರ್ಷವೂ ಅದೇ ಮುಖಗಳು ಸಿಗುತ್ತವೆ. ಇದ್ಯಾವುದೂ ಲಂಚ ಅಲ್ಲ. ದುಬಾರಿ ಸಾಮಾನನ್ನು ವಿಮರ್ಶಕ ತನ್ನ ಸಂಬಳದಲ್ಲಿ ಕೊಳ್ಳೋಕೆ ಆಗಲ್ಲ, ಒಂದರ ಜೊತೆ ಒಂದು ಇಟ್ಟು ಹೋಲಿಸಲು ಮನೆಯಲ್ಲಿ ಸಾಮಾನು ಬೇಕೇ ಬೇಕು. ಪ್ರತಿಯೊಂದಕ್ಕೂ ಒಳ್ಳೆಯ ಕಾರಣ ಇದೆ. ಎಲ್ಲ ಸೇರಿದಾಗ ಮಾತ್ರ ಬರೆಯುವವನ ಕೈ ತಾನಾಗಿಯೇ ಮೆತ್ತಗಾಗುತ್ತದೆ.

ಇದು ನನಗೆ ಪುಸ್ತಕದಿಂದ ಕಲಿಯಬೇಕಾದ ಪಾಠವೇನಲ್ಲ. ನಮ್ಮೂರು ತಿಪಟೂರು ಸೀಮೆಯ ಹಳ್ಳಿ, ಮನೆಯಲ್ಲಿ ಕೊಬ್ಬರಿಯೇ ಜೀವನ. ಅಕ್ಕನ ಮದುವೆಗೆ ಅಪ್ಪ ತಾನು ಕೊಬ್ಬರಿ ಹಾಕುವ ಮಂಡಿಯವರ ಹತ್ತಿರ ಕೈಸಾಲ ತಂದಿದ್ದರು. ಬಡ್ಡಿ ಕೂಡ ಕೇಳದೆ ಕೊಟ್ಟ ಒಳ್ಳೆ ಮನುಷ್ಯ ಆತ. ಮುಂದಿನ ಸಲ ಚೀಲ ಇಳಿಸಿದಾಗ ನಮ್ಮ ಕೊಬ್ಬರಿ ಸ್ವಲ್ಪ ಕಪ್ಪು ಅಂತ ಬೆಲೆ ಇಳಿಸಿದರು. ಅದು ಕಪ್ಪಾಗಿರಲಿಲ್ಲ, ನಾನೂ ನೋಡಿದ್ದೆ. ಯಾಕೆ ಸುಮ್ಮನಿದ್ರಿ ಅಂತ ಬಸ್ಸಿನಲ್ಲಿ ಕೇಳಿದ್ದಕ್ಕೆ ಅಪ್ಪ ಹೇಳಿದ್ದು ಇಷ್ಟೇ: "ದುಡ್ಡು ಇಸ್ಕಂಡಿದೀನಿ ಕಣಪ್ಪ, ಬಾಯಿ ಎಲ್ಲಿಂದ ಬರ್ತದೆ?" ಉಂಡ ಮನೆಗೆ ಎರಡು ಬಗೆಯಬಾರದು ಅಂತ ಬೆಳೆದವರು ನಾವು. ಒಳ್ಳೆಯ ಗಾದೆಯೇ. ಆದರೆ ಉಂಡವನು ತೀರ್ಪು ಹೇಳೋ ಜಾಗದಲ್ಲಿ ಕೂತಾಗ ಅದೇ ಗಾದೆ ತಿರುಗುಮುರುಗಾಗುತ್ತದೆ.

ಹಾಗಾದರೆ ಯಾರ ಉಪ್ಪೂ ತಿನ್ನದವನು ಬರೆದರೆ ಎಲ್ಲ ಸರಿಯಾಗುತ್ತಾ? ಇಲ್ಲಿ ಬೋಸ್ ಪ್ರಕರಣ ಬರುತ್ತದೆ.

ಬೋಸ್ ಹೆಸರು ನಿಮಗೆ ಗೊತ್ತು. ನಿಮ್ಮ ಪಕ್ಕದ ಡೆಸ್ಕಿನವರ ತಲೆ ಮೇಲೆ ಅವರ ಹೆಡ್‌ಫೋನ್ ಇದ್ದರೂ ಇರಬಹುದು. ಕಂಪನಿ ಕಟ್ಟಿದ ಅಮರ್ ಬೋಸ್ ಅವರ ತಂದೆ ಬಂಗಾಳದಿಂದ ಅಮೆರಿಕಕ್ಕೆ ಹೋದವರು. 1956ರಲ್ಲಿ ಎಂಐಟಿಯಲ್ಲಿ ಓದು ಮುಗಿಸುವ ಹೊತ್ತಿಗೆ ಅಮರ್ ಬೋಸ್ ಒಂದು ಸ್ಟೀರಿಯೋ ಕೊಂಡರು. ಕಾಗದದ ಮೇಲಿನ ಅಂಕಿಅಂಶ ಚೆನ್ನಾಗಿದ್ದವು, ಕಿವಿಗೆ ಮಾತ್ರ ಸಮಾಧಾನ ಆಗಲಿಲ್ಲ. ಆ ಅಸಮಾಧಾನದಿಂದ ಶುರುವಾದ ಹುಡುಕಾಟವೇ 1964ರಲ್ಲಿ ಕಂಪನಿಯಾಯಿತು. 1968ರಲ್ಲಿ ಬಂದ 'ಬೋಸ್ 901' ಸ್ಪೀಕರಿನಲ್ಲಿ ಒಂಬತ್ತು ಪುಟ್ಟ ಸ್ಪೀಕರುಗಳು. ಒಂದು ಮಾತ್ರ ಕೇಳುಗನ ಕಡೆಗೆ, ಉಳಿದ ಎಂಟು ಹಿಂದಿನ ಗೋಡೆಯ ಕಡೆಗೆ. ಸಭಾಂಗಣದಲ್ಲಿ ನಮ್ಮ ಕಿವಿಗೆ ಬೀಳುವ ಸದ್ದಿನ ದೊಡ್ಡ ಪಾಲು ಗೋಡೆಗೆ ತಾಗಿ ಬಂದದ್ದೇ ಆಗಿರುವುದರಿಂದ, ಮನೆಯಲ್ಲೂ ಹಾಗೇ ಇರಲಿ ಅನ್ನೋ ತರ್ಕ.

1970ರ ಮೇ ತಿಂಗಳಲ್ಲಿ 'ಕನ್ಸ್ಯೂಮರ್ ರಿಪೋರ್ಟ್ಸ್' ಪತ್ರಿಕೆ ಇದನ್ನು ವಿಮರ್ಶಿಸಿತು. ಈ ಪತ್ರಿಕೆ ಜಾಹೀರಾತು ತಗೊಳ್ಳುವುದಿಲ್ಲ. ಸಾಮಾನನ್ನು ಎಲ್ಲರ ಹಾಗೆ ಅಂಗಡಿಯಲ್ಲಿ ದುಡ್ಡು ಕೊಟ್ಟು ತರುತ್ತದೆ. ಎರವಲೂ ಇಲ್ಲ, ರಿಯಾಯಿತಿಯೂ ಇಲ್ಲ. ಅವರು ಕೆಲವು ಗುಣಗಳನ್ನು ಮೆಚ್ಚಿದರು. ಜೊತೆಗೆ, ಒಂದೊಂದು ವಾದ್ಯವೂ ದೈತ್ಯ ಗಾತ್ರಕ್ಕೆ ಬೆಳೆದಂತೆ ಕೇಳಿಸುತ್ತದೆ, ಕೋಣೆಯಲ್ಲೆಲ್ಲ ಓಡಾಡಿದಂತೆ ಅನ್ನಿಸುತ್ತದೆ ಅಂತಲೂ ಬರೆದರು. ಇಷ್ಟು ದುಡ್ಡು ಹಾಕುವ ಮುಂಚೆ ನೀವೇ ಕೇಳಿ ನೋಡಿ, ಹೊಸತರ ಬೆರಗು ಇಳಿದ ಮೇಲೂ ಇಷ್ಟ ಆಗುತ್ತಾ ಅಂತ ಯೋಚಿಸಿ ಎಂಬುದು ಅವರ ಸಲಹೆಯ ಸಾರ.

ಬೋಸ್ ಕಂಪನಿ ತಿದ್ದುಪಡಿ ಕೇಳಿತು, ಪತ್ರಿಕೆ ಒಪ್ಪಲಿಲ್ಲ, ಕೇಸು ಬಿತ್ತು. ವರ್ಷಗಟ್ಟಲೆ ನಡೆದ ವಿಚಾರಣೆ ಕೊನೆಗೆ ನಿಂತದ್ದು ಆ 'ಕೋಣೆಯಲ್ಲೆಲ್ಲ' ಎಂಬ ಮಾತಿನ ಮೇಲೆ. ನಿಜವಾಗಿ ಸದ್ದು ಸರಿದಾಡಿದಂತೆ ಅನ್ನಿಸಿದ್ದು ಎರಡು ಸ್ಪೀಕರುಗಳ ನಡುವಿನ ಗೋಡೆಯುದ್ದಕ್ಕೂ, ಆಚೆಯಿಂದ ಈಚೆಗೆ. ಕೋಣೆಯಲ್ಲೆಲ್ಲ ಅಲ್ಲ. ಪರೀಕ್ಷೆ ಮಾಡಿದ ಇಂಜಿನಿಯರ್ ಸಾಕ್ಷಿಕಟ್ಟೆಯಲ್ಲಿ, ನಾನು ಹೇಳಹೊರಟದ್ದು ಗೋಡೆಯುದ್ದಕ್ಕೂ ಅಂತಲೇ ಎಂದರು. ಇಷ್ಟು ಬುದ್ಧಿವಂತನಿಗೆ ಆ ಎರಡು ಮಾತಿನ ವ್ಯತ್ಯಾಸ ಗೊತ್ತಿರಲಿಲ್ಲ ಅಂದರೆ ನಂಬೋದು ಹೇಗೆ ಅಂತ ನ್ಯಾಯಾಧೀಶರು, ಇದು ಗೊತ್ತಿದ್ದೂ ಬರೆದ ಸುಳ್ಳು ಎಂದು ತೀರ್ಮಾನಿಸಿದರು. ಬೋಸ್ ಕಂಪನಿಗೆ ಒಂದು ಲಕ್ಷ ಡಾಲರಿಗೂ ಮೀರಿದ ಪರಿಹಾರ ಅಂತಾಯಿತು. ಮೇಲ್ಮನವಿಯಲ್ಲಿ ಅದು ತಿರುಗಿಬಿತ್ತು. ಕೊನೆಗೆ 1984ರ ಏಪ್ರಿಲ್ 30ರಂದು ಅಮೆರಿಕದ ಸುಪ್ರೀಂ ಕೋರ್ಟ್ 6-3ರ ಬಹುಮತದಲ್ಲಿ ಪತ್ರಿಕೆಯ ಪರ ನಿಂತಿತು. ಕೇಳಿದ್ದನ್ನು ಮಾತಿಗೆ ಇಳಿಸುವಾಗ ಪದ ತಪ್ಪಿರಬಹುದು, ಹಾಗಂತ ಅದು ಬೇಕಂತಲೇ ಹೇಳಿದ ಸುಳ್ಳಾಗುವುದಿಲ್ಲ ಅನ್ನೋದು ತೀರ್ಪಿನ ತಿರುಳು. ಒಂದು ಪದಕ್ಕಾಗಿ ಹದಿನಾಲ್ಕು ವರ್ಷ.

ಈ ಕಥೆಯಲ್ಲಿ ನನ್ನ ಪಕ್ಷ ಪತ್ರಿಕೆಯದ್ದೇ. ಕೇಳಿದ್ದನ್ನು ಬರೆದದ್ದಕ್ಕೆ ಕೋರ್ಟಿಗೆ ಅಲೆಯಬೇಕು ಅಂತಾದರೆ ಯಾರೂ ಬರೆಯಲ್ಲ. ಅಂಕಿಗಿಂತ ತನ್ನ ಕಿವಿಯನ್ನು ನಂಬಿ ಕಂಪನಿ ಕಟ್ಟಿದವರೇ ಇನ್ನೊಬ್ಬರ ಕಿವಿಯ ಮೇಲೆ ಕೇಸು ಹಾಕಿದ್ದು ನನಗೆ ಸರಿ ಕಾಣುವುದಿಲ್ಲ. ಆದರೂ ಅಮರ್ ಬೋಸರ ಜಾಗದಲ್ಲಿ ಕೂತು ಯೋಚಿಸಿದಾಗ ಅವರ ನೋವು ಪೂರ್ತಿ ಸುಳ್ಳಲ್ಲ ಅನ್ನಿಸುತ್ತದೆ. ವರ್ಷಗಟ್ಟಲೆ ಲೆಕ್ಕ ಹಾಕಿ ಮಾಡಿದ ವಸ್ತುವನ್ನು ಯಾರೋ ಕೆಲವು ದಿನ ಕೇಳಿ, ಒಂದು ಪದ ಹೆಚ್ಚು ಬರೆದು, ಲಕ್ಷಾಂತರ ಜನರ ಮುಂದೆ ಇಡುತ್ತಾರೆ. ಕೈ ಶುದ್ಧ ಇದ್ದ ಮಾತ್ರಕ್ಕೆ ವಾಕ್ಯ ಶುದ್ಧ ಆಗುವುದಿಲ್ಲ. ದುಡ್ಡಿನ ಹಂಗು ಇಲ್ಲದವನಿಗೂ ಪದದ ಹೊಣೆ ಇದ್ದೇ ಇದೆ.

ಮೂರನೆಯ ಹಂಗು ಇನ್ನೊಂದಿದೆ. ಅದು ಹೊರಗಿನಿಂದ ಬರುವುದಿಲ್ಲ. 1985ರಲ್ಲಿ ಬಾಬ್ ಕಾರ್ವರ್ ಅನ್ನೋ ಆಂಪ್ಲಿಫೈಯರ್ ತಯಾರಕ ಸ್ಟೀರಿಯೋಫೈಲ್ ಪತ್ರಿಕೆಗೇ ಸವಾಲು ಹಾಕಿದರು. ನೀವು ಆರಿಸಿದ ಎಷ್ಟೇ ದುಬಾರಿ ಆಂಪ್ ಆಗಲಿ, ನನ್ನ ಸಾಧಾರಣ ಬೆಲೆಯ ಆಂಪನ್ನು ತಿದ್ದಿ, ನಿಮ್ಮ ಕಿವಿಗೆ ವ್ಯತ್ಯಾಸವೇ ಗೊತ್ತಾಗದಂತೆ ಮಾಡ್ತೀನಿ, 48 ಗಂಟೆ ಕೊಡಿ ಎಂದರು. ಪತ್ರಿಕೆಯವರು ದುಬಾರಿ ವಾಲ್ವ್ ಆಂಪ್ ಒಂದನ್ನು ಆರಿಸಿ ಕೊಟ್ಟರು. ನ್ಯೂ ಮೆಕ್ಸಿಕೋ ರಾಜ್ಯದ ಸಾಂಟಾ ಫೇ ಊರಿನ ಮೋಟೆಲ್ ರೂಮಿನಲ್ಲಿ ಕಾರ್ವರ್ ಬೆಸುಗೆ ಕಡ್ಡಿ ಹಿಡಿದು ಕೂತರು. ಎರಡೂ ಆಂಪುಗಳಿಗೆ ಒಂದೇ ಸಂಗೀತ ಕೊಟ್ಟು, ಒಂದರ ಸದ್ದಿನಿಂದ ಇನ್ನೊಂದನ್ನು ಕಳೆದು, ಉಳಿದ ಚೂರನ್ನು ಕೇಳುತ್ತಾ, ಅದು ಸೊನ್ನೆಯ ಹತ್ತಿರ ಬರುವವರೆಗೂ ತಿದ್ದುವುದು ಅವರ ವಿಧಾನ. ಮೊದಲ ಸಲ ಕೇಳಿದಾಗ ಹೋಲ್ಟ್ ಮತ್ತು ಪತ್ರಿಕೆಯ ಮಾಲೀಕ ಲ್ಯಾರಿ ಆರ್ಚಿಬಾಲ್ಡ್ ವ್ಯತ್ಯಾಸ ಹಿಡಿದರು. ಕಾರ್ವರ್ ಮತ್ತೆ ತಿದ್ದಿದರು. ಕೊನೆಗೆ ಇಬ್ಬರಿಗೂ ಯಾವುದು ಯಾವುದು ಅಂತ ಹೇಳೋಕೆ ಆಗಲಿಲ್ಲ. ಗೆದ್ದದ್ದು ಕಾರ್ವರ್ ಅಂತ ಅವರು ತಮ್ಮ ಪತ್ರಿಕೆಯಲ್ಲೇ ಬರೆದರು.

ಈ ಒಪ್ಪಿಗೆ ಸಣ್ಣದಲ್ಲ. ಸಾಧಾರಣ ಆಂಪೂ ದುಬಾರಿ ಆಂಪೂ ಒಂದೇ ಥರ ಕೇಳಿಸಬಹುದು ಅಂತಾದರೆ, ಅವೆರಡರ ನಡುವಿನ ಕೂದಲೆಳೆ ವ್ಯತ್ಯಾಸ ಹಿಡಿದು ಬರೆಯುವವನಿಗೆ ಏನು ಕೆಲಸ? ವ್ಯತ್ಯಾಸ ಇರಬೇಕು ಅನ್ನೋದರಲ್ಲೇ ವಿಮರ್ಶಕನ ಅನ್ನ ಇದೆ. ಇದು ಯಾರೂ ಕೊಡದ, ತಾನೇ ತನಗೆ ತಿನ್ನಿಸಿಕೊಂಡ ಉಪ್ಪು. ಅವತ್ತು ಅವರು ಅದನ್ನು ಮೀರಿದರು. ಕಥೆ ಅಲ್ಲಿಗೇ ಸುಖಾಂತ್ಯ ಆಗಲಿಲ್ಲ. ಕಾರ್ವರ್ ಆಮೇಲೆ ಕಾರ್ಖಾನೆಯಲ್ಲಿ ತಯಾರಿಸಿ ಮಾರಿದ ಆಂಪ್, ಮೋಟೆಲಿನಲ್ಲಿ ಕೈಯಾರೆ ತಿದ್ದಿದ ಆಂಪಿನಷ್ಟು ತಾಳೆ ಆಗುವುದಿಲ್ಲ ಅಂತ ಪತ್ರಿಕೆ ಬರೆಯಿತು. ಜಗಳ ಬೆಳೆದು ಅದೂ ಕೋರ್ಟಿಗೆ ಹೋಗಿ, ರಾಜಿಯಲ್ಲಿ ಮುಗಿಯಿತು.

ಇಷ್ಟೆಲ್ಲ ಓದಿದ ಮೇಲೆ ನನಗೆ ಕಂಡದ್ದು ಇದು. ವಿಮರ್ಶೆಯಲ್ಲಿ ಮೂರು ಜನ ಇರುತ್ತಾರೆ: ಮಾಡಿದವನು, ಬರೆಯುವವನು, ಕೊಳ್ಳುವವನು. ಮೊದಲ ಇಬ್ಬರು ಪರಸ್ಪರ ಮುಖ ನೋಡಿರುತ್ತಾರೆ. ಮೂರನೆಯವನು ಆ ಕೋಣೆಯಲ್ಲಿ ಇರುವುದೇ ಇಲ್ಲ. ನಮ್ಮ ಕರುಣೆ ಯಾವಾಗಲೂ ಮುಖ ಕಂಡ ಕಡೆಗೆ ಹರಿಯುತ್ತದೆ. ಪಿಎಫ್ ದುಡ್ಡು ತೆಗೆದವರ ಮುಖ ನನಗೆ ಕಂಡಿತ್ತು. ಇಎಂಐ ಹಾಕುವ ಹುಡುಗನ ಮುಖ ಕಂಡಿರಲಿಲ್ಲ. ನಾನು ಕೆಟ್ಟವನಾಗಿ ತಪ್ಪು ಮಾಡಲಿಲ್ಲ. ಒಬ್ಬರಿಗೆ ಒಳ್ಳೆಯವನಾಗಿ, ಆ ಒಳ್ಳೆಯತನದ ಬಿಲ್ಲನ್ನು ಇನ್ನೊಬ್ಬನಿಗೆ ಕಳಿಸಿದೆ.

ಇದು ಆಡಿಯೋ ಲೋಕದ ವಿಷಯ ಮಾತ್ರ ಅಂದುಕೊಳ್ಳಬೇಡಿ. ಶುಕ್ರವಾರ ಸಂಜೆ ಗೆಳೆಯನ ಕೋಡ್ ರಿವ್ಯೂಗೆ ಬಂದಾಗ, ಅವನು ಮನೆಗೆ ಹೊರಟು ನಿಂತಿದ್ದಾನೆ ಅಂತ ಕಣ್ಣು ಮುಚ್ಚಿ ಅಪ್ರೂವ್ ಮಾಡ್ತೀವಲ್ಲ, ಅಲ್ಲಿಯೂ ಮೂರನೆಯವನು ಕಾಣುವುದಿಲ್ಲ. ಭಾನುವಾರ ಬೆಳಗಿನ ಜಾವ ಮೂರು ಗಂಟೆಗೆ ಫೋನ್ ಬಂದು ಎದ್ದು ಕೂರುವವನು ಇನ್ಯಾರೋ.

ಚೆನ್ನಾಗಿಲ್ಲದ್ದರ ಬಗ್ಗೆ ಬರೆಯದೇ ಇದ್ದರಾಯಿತು, ಅದಕ್ಕೆ ಪುಟ ಯಾಕೆ ದಂಡ ಅಂತ ವಾದಿಸುವ ಸಂಪಾದಕರಿದ್ದಾರೆ. ಅದೂ ಒಂದು ದಾರಿಯೇ. ಆದರೆ ಮೌನದ ಅರ್ಥ ಒಳಗಿನವರಿಗೆ ಗೊತ್ತಾಗುತ್ತೆ, ಓದುಗನಿಗೆ ಗೊತ್ತಾಗಲ್ಲ. ನನ್ನ 'ವ್ಯಕ್ತಿತ್ವ ಅರಳುತ್ತದೆ' ಅನ್ನೋ ವಾಕ್ಯದ ಹಾಗೆಯೇ. ಅದಕ್ಕಿಂತ ಸ್ಟೀರಿಯೋಫೈಲ್ ರೂಢಿಸಿಕೊಂಡ ಎರಡು ಪದ್ಧತಿಗಳು ನನಗೆ ಹಿಡಿಸಿದವು. ಒಂದು, ವಿಮರ್ಶೆ ಅಚ್ಚಾಗುವ ಮುಂಚೆ ತಯಾರಕರಿಗೆ ಕಳಿಸಿ, ಅವರ ಉತ್ತರವನ್ನು ಅದೇ ಸಂಚಿಕೆಯಲ್ಲಿ ಹಾಕುವುದು. ಇನ್ನೊಂದು, 1986ರಲ್ಲಿ ಸಂಪಾದಕರಾಗಿ ಬಂದ ಜಾನ್ ಅಟ್ಕಿನ್ಸನ್ ಬೆಳೆಸಿದ್ದು: ಕೇಳಿ ಬರೆದವರ ಮಾತಿನ ಪಕ್ಕದಲ್ಲೇ ಉಪಕರಣದಿಂದ ಅಳೆದ ಅಂಕಿಗಳನ್ನೂ ಕೊಡುವುದು. ಕೆಲವು ಸಲ ಬರೆದವರು ಹೊಗಳಿರುತ್ತಾರೆ, ಅಂಕಿಗಳು ತಲೆ ಅಲ್ಲಾಡಿಸುತ್ತವೆ. ಎರಡೂ ಅಚ್ಚಾಗುತ್ತವೆ. ಇದರಿಂದ ಹಂಗು ಹೋಗುವುದಿಲ್ಲ. ಆದರೆ ಕೋಣೆಯಲ್ಲಿ ಇಲ್ಲದ ಮೂರನೆಯವನಿಗೆ ಒಂದು ಕುರ್ಚಿ ಹಾಕಿದಂತಾಗುತ್ತದೆ.

ಹುಡುಗನ ಆಂಪ್ ತರಿಸಿ ಅಳೆದೆ. ಅದೇ 3 ಡೆಸಿಬೆಲ್. ಆಮೇಲೆ ಆ ತಯಾರಕರಿಗೆ ಫೋನ್ ಮಾಡಿದೆ. ಎರಡು ದಿನ ಮುಂದೂಡಿದ ಮೇಲೆ ಮಾಡಿದ್ದು, ಅದನ್ನೂ ಹೇಳಿಬಿಡಬೇಕು. ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ನನಗೂ ಅನುಮಾನ ಇತ್ತು ಸರ್" ಅಂದರು ಆಮೇಲೆ. "ನಿಮ್ಮ ರಿವ್ಯೂ ಬರ್ಲಿ ಅಂತ ಕಾಯ್ತಿದ್ದೆ. ನೀವು ಬರೀಲಿಲ್ಲ ಅಂದ್ಮೇಲೆ ಅದೇನು ದೊಡ್ಡದಲ್ಲ ಅನ್ಕೊಂಡು, ಎರಡನೇ ಬ್ಯಾಚಿಗೂ ಅದೇ ವಾಲ್ಯೂಮ್ ಕಂಟ್ರೋಲ್ ತರಿಸಿಬಿಟ್ಟೆ."

ಇದಕ್ಕೆ ನಾನು ತಯಾರಿರಲಿಲ್ಲ. ಅಲ್ಲಿಯವರೆಗೂ, ಹುಡುಗನಿಗೆ ಅನ್ಯಾಯ ಮಾಡಿದರೂ ಇವರಿಗಾದರೂ ಉಪಕಾರ ಆಗಿದೆ ಅಂತ ಒಳಗೊಳಗೇ ಲೆಕ್ಕ ಇಟ್ಟಿದ್ದೆ. ಆ ಲೆಕ್ಕವೂ ತಪ್ಪಿತ್ತು. ತಪ್ಪಿದ್ದರೆ ತಪ್ಪು ಅಂತಲೇ ಬರೀರಿ ಅಂದಾಗ ಅವರು ಬಾಯಿಮಾತಿಗೆ ಅಂದಿರಲಿಲ್ಲ. ಸೌಜನ್ಯಕ್ಕೆ ಅಂದಿದ್ದಾರೆ ಅಂತ ತೀರ್ಮಾನ ಮಾಡಿದವನು ನಾನು. ಅವರನ್ನು ಕಾಪಾಡೋಕೆ ಹೋಗಿ, ಅವರು ಕೇಳಿದ ಒಂದೇ ಒಂದು ಸಹಾಯವನ್ನು ಮಾಡಲಿಲ್ಲ.

ನನ್ನ ವಿಮರ್ಶೆಯ ಮೇಲ್ಭಾಗದಲ್ಲಿ ತಿದ್ದುಪಡಿ ಹಾಕಿದೆ. ಅಳತೆ ಇಷ್ಟು, ಇದು ನನಗೆ ಮೊದಲೇ ಗೊತ್ತಿತ್ತು, ಬರೆಯಲಿಲ್ಲ, ಡಬ್ಬ ಇನ್ನೂ ನನ್ನ ಮೇಜಿನ ಮೇಲೇ ಇದೆ ಅಂತ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಒಂದು ದಿನ ಮುಂಚೆ ಅವರಿಗೆ ಕಳಿಸಿ, ಅವರು ಬರೆದ ಉತ್ತರವನ್ನು ಕೆಳಗೆ ಹಾಗೇ ಹಾಕಿದೆ. ಮೂರು ಸಾಲಿನ ಉತ್ತರ. ಕಳಿಸಿಕೊಟ್ಟರೆ ವಾಲ್ಯೂಮ್ ಕಂಟ್ರೋಲ್ ಪುಕ್ಕಟೆ ಬದಲಿಸಿ ಕೊಡುತ್ತೇವೆ ಅಂತಿತ್ತು. ಡಬ್ಬವನ್ನು ನಾನೇ ಹೋಗಿ ವಾಪಸ್ ಕೊಟ್ಟು ಬಂದೆ. ಕಾಫಿ ಕೊಟ್ಟರು. ಮಾತು ಮೊದಲಿನಷ್ಟು ಇರಲಿಲ್ಲ. ಆಮೇಲೆ ಅವರು ಫೋನ್ ಮಾಡಿಲ್ಲ, ನಾನೂ ಮಾಡಿಲ್ಲ. ಎರಡನೇ ಬ್ಯಾಚಿಗೆ ತರಿಸಿದ ಸಾಮಾನು ದಂಡವಾಗಿ ಅವರಿಗೆ ಎಷ್ಟು ನಷ್ಟ ಆಯಿತೋ ಕೇಳುವ ಧೈರ್ಯ ಇನ್ನೂ ಬಂದಿಲ್ಲ.

ಹುಡುಗನ ಆಂಪ್ ಸರಿಯಾಗಿ ಬಂತು. "ಡಾಕ್ಟರ್ ಫೀಸ್ ಯಾರ್ ಕೊಡ್ತಾರೆ ಅಣ್ಣ?" ಅಂತ ನಗುತ್ತಾ ಕೇಳಿದ. ಕೊಟ್ಟೆ. ಮೊದಲು ಬೇಡ ಅಂದ, ಆಮೇಲೆ ಇಸ್ಕೊಂಡ.

ಮೊನ್ನೆ ಹೊಸ ಹೆಡ್‌ಫೋನ್ ಕೊಳ್ಳಬೇಕು ಅಂತ ಮತ್ತೆ ನನ್ನ ಹತ್ತಿರ ಬಂದ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಸರಿ ಅಣ್ಣ, ಶನಿವಾರ ಅಂಗಡಿಗೆ ಹೋಗಿ ನಾನೂ ಒಂದ್ಸಲ ಹಾಕ್ಕೊಂಡು ನೋಡ್ತೀನಿ" ಅಂದ. ಮೊದಲು ಹಾಗೆ ಅಂತಿರಲಿಲ್ಲ.